ಸೋಮನಗುಡ್ಡದ ಕೆಂಪು ಚೌಕ

ಮುನ್ನುರಿ ಸುಳ್ಳು ಹೇಳುತ್ತದೆ ಎಂದು ನಾನು ಯಾವತ್ತೂ ದೂರಿಲ್ಲ. ನನ್ನ ತಕರಾರೇ ಬೇರೆ. ಅದು ನಿಜ ಹೇಳುತ್ತದೆ, ಹೇಳಿದ ಕಾರಣಕ್ಕೇ ಅದು ನಿಜವಾಗುತ್ತದೆ. ಈ ಎರಡನೆಯ ಮಾತನ್ನು ಮೇಲಿನವರ ತಲೆಗೆ ಇಳಿಸಲು ಹೋಗಿ ನನ್ನ ಗಂಟಲು ಹರಿದುಹೋಯಿತು. ಅವರಿಗೆ ಮಾತ್ರ ಅದು ನಿಜ ಹೇಳುತ್ತದೆ ಎಂಬ ಮೊದಲನೆಯ ಮಾತಷ್ಟೇ ಕೇಳಿಸಿತು.

ಮುನ್ನುರಿ ಎಂದರೆ ಕಾಳ್ಗಿಚ್ಚನ್ನು ಮೊದಲೇ ಹೇಳುವ ವ್ಯವಸ್ಥೆ. ಭೂಮಿಯ ಮೇಲೆ ಎಲ್ಲಿ ಕಾಡು, ಎಲ್ಲಿ ಹುಲ್ಲುಗಾವಲು, ಎಲ್ಲಿ ಕುರುಚಲು ಹತ್ತಿಕೊಳ್ಳಲಿದೆ ಎಂಬುದನ್ನು ಎರಡು ಮೂರು ದಿನ ಮುಂಚೆ ನಕ್ಷೆಯ ಮೇಲೆ ಕೆಂಪು ಚೌಕ ಹಾಕಿ ತೋರಿಸುತ್ತದೆ. ಆ ಚೌಕದ ಸುತ್ತಮುತ್ತ ಇರುವವರ ಮೊಬೈಲಿಗೆಲ್ಲ ತಾನೇ ಸಂದೇಶ ಕಳಿಸುತ್ತದೆ. ಅದಕ್ಕೆ ಉಣ್ಣಿಸುವುದು ಮೂರು ಬಗೆಯ ಮಾಹಿತಿ: ಹವೆ, ಸಸ್ಯ, ಮನುಷ್ಯ. ಹವೆ ಎಂದರೆ ಬಿಸಿಲು, ಗಾಳಿ, ತೇವ. ಸಸ್ಯ ಎಂದರೆ ಉರಿಯಲು ಏನಿದೆ, ಎಷ್ಟು ಒಣಗಿದೆ ಎಂಬುದು. ಅದನ್ನು ಉಪಗ್ರಹಗಳು ನೋಡಿ ಹೇಳುತ್ತವೆ. ಮನುಷ್ಯ ಎಂದರೆ ರಸ್ತೆ, ಕರೆಂಟಿನ ತಂತಿ, ದನಕರು, ಹಬ್ಬಹರಿದಿನ, ಬೀಡಿ ಸೇದುವವರ ಅಂದಾಜು.

ಗದುಗಿನಲ್ಲಿ ಹಳೆಯ ಹತ್ತಿ ಗಿರಣಿಯೊಂದರ ಮಹಡಿಯ ಮೇಲೆ ನಮ್ಮ ಜಿಲ್ಲೆಯ ನಿಗಾ ಕೊಠಡಿ. ಗೋಡೆಯ ತುಂಬ ಪರದೆ, ಪರದೆಯ ತುಂಬ ಪ್ರಪಂಚ. ನಾನು, ಕಸ್ತೂರಿ, ಅಲ್ಲಿಯ ವಿಶ್ಲೇಷಕಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆ ಪರದೆಯ ಮುಂದೆ ಊಟ ಮರೆತು ಕೂತಿರುತ್ತಿದ್ದೆ. ಆಫ್ರಿಕಾದಲ್ಲಿ ಹುಲ್ಲುಗಾವಲುಗಳನ್ನು ಉತ್ತು ಹೊಲ ಮಾಡಿದ ಹಾಗೆಲ್ಲ ಅಲ್ಲಿಯ ಬೆಂಕಿ ಕಡಿಮೆಯಾಗುತ್ತ ಬಂದಿತ್ತು. ಉತ್ತರದ ಪೈನ್ ಕಾಡುಗಳಲ್ಲಿ ಒಮ್ಮೆ ಹತ್ತಿದ್ದು ಹಿಮ ಬೀಳುವ ತನಕ ಆರುತ್ತಿರಲಿಲ್ಲ. ಮಳೆಕಾಡಿನಲ್ಲಿ ಉರಿಯಲು ಬೇಕಾದಷ್ಟು ಇದೆ, ಆದರೆ ಹಸಿಯಾಗಿದೆ. ಅಲ್ಲಿ ಬರಗಾಲವೇ ಅಪಾಯ. ನಮ್ಮ ಬಯಲುಸೀಮೆಯ ಗುಡ್ಡಗಳದ್ದು ಉಲ್ಟಾ. ಇಲ್ಲಿ ಎಲ್ಲವೂ ಒಣಗಿಯೇ ಇರುತ್ತದೆ, ಉರಿಯಲು ಸಾಕಷ್ಟು ಇರುವುದಿಲ್ಲ. ಮಳೆ ಚೆನ್ನಾಗಿ ಬಿದ್ದು ಹುಲ್ಲು ಎದೆಯುದ್ದ ಬೆಳೆದ ವರ್ಷ ನಮಗೆ ಅಪಾಯ. ಈ ಸಲ ಮಳೆ ಭರ್ತಿಯಾದಾಗ ಊರೆಲ್ಲ ನಗುತ್ತಿತ್ತು, ನಾನೊಬ್ಬಳೇ ಮುಖ ಗಂಟು ಹಾಕಿಕೊಂಡು ಓಡಾಡುತ್ತಿದ್ದೆ.

ನನಗೆ ಮೊದಲು ಅನುಮಾನ ಬಂದದ್ದು ಹಿಂದಿನ ಬೇಸಿಗೆಯಲ್ಲಿ, ಬೆಂಚಿಗುಡ್ಡ ಸುಟ್ಟಾಗ. ಅಲ್ಲಿ ಕೆಂಪು ಚೌಕ ಬಿತ್ತು, ಸಂದೇಶ ಹೋಯಿತು. ಗುಡ್ಡದ ಕೆಳಗಿನ ಊರಿನವರು ಏನು ಮಾಡಬೇಕು ಹೇಳಿ? ಹೇಗೂ ಸುಟ್ಟುಹೋಗುವ ಹುಲ್ಲು, ಅದಕ್ಕೆ ಮೊದಲೇ ಕೊಯ್ದುಕೊಂಡು ಬರೋಣವೆಂದು ಕುಡಗೋಲು ಹಿಡಿದು ಮನೆಮಂದಿಯೆಲ್ಲ ಹೋದರು. ನಮ್ಮ ಕಡೆ ಗುಡ್ಡದ ಹುಲ್ಲಿಗೆ ಕುಡಗೋಲು ಹಾಕುವ ಮುಂಚೆ, ಗುಡ್ಡಗುಡ್ಡಕ್ಕೂ ಇರುವ ಗುಡ್ಡದವ್ವನ ಕಲ್ಲಿಗೆ ಕರ್ಪೂರ ಹಚ್ಚಿ ಅಪ್ಪಣೆ ಕೇಳುತ್ತಾರೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಕುರಿಗಳು ಮೇಯುತ್ತಿದ್ದ ಕಾಲದಲ್ಲಿ ಆ ಕಲ್ಲಿನ ಸುತ್ತ ಅಂಗಳದಷ್ಟು ಜಾಗ ಬೋಳಾಗಿರುತ್ತಿತ್ತು. ಗುಡ್ಡವನ್ನು ಅಭಯಾರಣ್ಯ ಮಾಡಿ ಕುರಿಗಳನ್ನು ಹೊರಗಟ್ಟಿದ ಮೇಲೆ ಹುಲ್ಲು ಕಲ್ಲಿನ ಕೊರಳಿಗೆ ಬಂದಿತ್ತು. ಕರ್ಪೂರದ ಉರಿ ಒಂದು ಕಡ್ಡಿಗೆ ತಾಗಿತು, ಬೆಂಚಿಗುಡ್ಡ ಸಂಜೆಯೊಳಗೆ ಕರ್ರಗಾಯಿತು.

ರಾಜ್ಯ ಕೇಂದ್ರದಿಂದ ನಮಗೆ ಅಭಿನಂದನೆ ಬಂತು. ಮುನ್ಸೂಚನೆ ನಿಖರವಂತೆ! ಆ ದಿನ ನನ್ನ ಮೈ ಉರಿದುಹೋಯಿತು.

ಆಮೇಲೆ ಬೇರೆ ದೇಶಗಳ ಚೌಕಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಪೋರ್ಚುಗಲ್ಲಿನ ಒಂದು ಹಳ್ಳಿಯಲ್ಲಿ ಚೌಕ ಬಿತ್ತೆಂದು ಮುದುಕನೊಬ್ಬ ಮನೆಯ ಸುತ್ತ ಹುಲ್ಲು ಕತ್ತರಿಸಲು ಯಂತ್ರ ತಿರುಗಿಸಿದ್ದ, ಅದರ ಅಲಗು ಕಲ್ಲಿಗೆ ಬಡಿದು ಕಿಡಿ ಹಾರಿತ್ತು. ಆಸ್ಟ್ರೇಲಿಯಾದಲ್ಲಿ ಕುರಿಗಳನ್ನು ಸಾಗಿಸಲು ಬಂದವರು ಗಾಡಿಯನ್ನು ಒಣಹುಲ್ಲಿನಲ್ಲಿ ನಿಲ್ಲಿಸಿದ್ದರು, ಕಾದ ಸೈಲೆನ್ಸರ್ ಉಳಿದ ಕೆಲಸ ಮಾಡಿತ್ತು. ಚಿಲಿಯಲ್ಲಿ ಬೆಂಕಿ ನೋಡಲೆಂದೇ ಬುತ್ತಿ ಕಟ್ಟಿಕೊಂಡು ಬಂದವರು ಒಲೆ ಹೂಡಿದ್ದರು. ದೇಶಕ್ಕೊಂದು ರೀತಿ, ಮೂಲ ಒಂದೇ. ಯಾರೂ ಹೋಗದ ಜಾಗಕ್ಕೆ ಚೌಕ ನೋಡಿ ಜನ ಹೋಗುತ್ತಾರೆ, ಜನ ಹೋದಲ್ಲಿ ಕಿಡಿ ಹೋಗುತ್ತದೆ.

ರಾಜ್ಯ ಕೇಂದ್ರದ ಮುಖ್ಯ ವಿಜ್ಞಾನಿ ಜಯತೀರ್ಥ ಕಟ್ಟಿಯವರು ಕೆಟ್ಟವರಲ್ಲ. ಧಾರವಾಡದವರು, ಸಮಾಧಾನಿ. ಅವರ ಸಮಾಧಾನವೇ ನನ್ನ ಪ್ರಾಣ ತಿನ್ನುತ್ತಿತ್ತು.

"ಸರ್, ನಿಮ್ಮ ಲೆಕ್ಕದಾಗ ಬೀಡಿ ಸೇದಾವ ಅದಾನ, ಕುರಿ ಕಾಯಾವ ಅದಾನ. ನಿಮ್ಮ ಚೌಕಾ ನೋಡಿದಾವ ಎಲ್ಲಿ ಅದಾನ್ರೀ?" ಎಂದು ಕೇಳಿದೆ.

"ಪ್ರಶ್ನಾ ಭಾಳ ಛಲೋ ಅದ ಕಸ್ತೂರಿಯವರ," ಎಂದರು. "ಮುಂದಿನ ಆವೃತ್ತಿಯೊಳಗ ನೋಡೋಣು."

ಮುಂದಿನ ಆವೃತ್ತಿ ಬಂತು. ಅದರಲ್ಲಿ ಚೌಕದ ಕೆಂಪು ಬಣ್ಣ ಇನ್ನಷ್ಟು ಗಾಢವಾಗಿತ್ತು, ಅಷ್ಟೇ.

ಈ ವರ್ಷ ಸರದಿ ಸೋಮನಗುಡ್ಡದ್ದು ಎಂದು ಶಿವರಾತ್ರಿ ಕಳೆಯುತ್ತಿದ್ದಂತೆ ಅಲ್ಲಿ ಒಣಗುತ್ತಿದ್ದ ಹುಲ್ಲು ನೋಡಿಯೇ ನನಗೆ ಗೊತ್ತಾಯಿತು. ಸೋಮನಗುಡ್ಡದ ಬುಡದಲ್ಲೇ ನಮ್ಮ ಊರು. ನಾನು ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದವಳು, ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡ ಮಾಲತೇಶ ಗಾಳಿಯಂತ್ರಗಳ ದುರಸ್ತಿಗೆಂದು ಊರೂರು ಸುತ್ತುತ್ತಾನೆ, ಮನೆಯಲ್ಲಿ ಇರುವುದು ನಾನು ಮತ್ತು ಅತ್ತೆ ದ್ಯಾಮವ್ವ. ಗುಡ್ಡದವ್ವನ ಕಲ್ಲಿಗೆ ಹೋಗುವ ಹೆಂಗಸರಿಗೆಲ್ಲ ಅವಳೇ ಮುಂದಾಳು. ಬೆಂಚಿಗುಡ್ಡದಲ್ಲಿ ಆದದ್ದು ಇಲ್ಲಿ ಆದರೆ ಆ ಎದೆಯುದ್ದದ ಹುಲ್ಲಿನ ನಡುವೆ ಮೊದಲು ನಿಂತಿರುವವಳು ನನ್ನ ಅತ್ತೆ. ಪರದೆಯ ಮೇಲೆ ಗುಡ್ಡ ಕಂಡಾಗಲೆಲ್ಲ ನನಗೆ ಅವಳ ಹಸಿರು ಇಳಕಲ್ ಸೀರೆಯೇ ಕಣ್ಣ ಮುಂದೆ ಬರುತ್ತಿತ್ತು.

ಒಂದು ಭಾನುವಾರ ಅವಳು ರೊಟ್ಟಿ ಬಡಿಯುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

"ಅತ್ತೀ, ಈ ವರ್ಷ ಗುಡ್ಡಕ್ಕ ಹೋಗಬ್ಯಾಡ್ರಿ."

"ಯಾಕ? ನಿನ್ನ ಮಷೀನು ಕಣ್ಣ ಕೆಂಪ ಮಾಡೇತೇನ?"

"ಇನ್ನಾ ಮಾಡಿಲ್ಲ. ಮಾಡತೈತಿ."

"ಹಂಗಾದ್ರ ಹೋಗಾಕಬೇಕಲ್ಲ," ಎಂದಳು, ರೊಟ್ಟಿ ತಿರುವುತ್ತ. "ತಾಯಿಗೆ ಗಂಡಾಂತರ ಬಂದಾಗ ಮಕ್ಕಳು ಮನ್ಯಾಗ ಕುಂದರತಾರೇನ?"

"ತಾಯಿಗೆ ಗಂಡಾಂತರ ಬರೂದ ನಿಮ್ಮ ಕರ್ಪೂರದಿಂದ!"

ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. ದ್ಯಾಮವ್ವ ರೊಟ್ಟಿಯನ್ನು ಹೆಂಚಿನ ಮೇಲೆ ಬಿಟ್ಟು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ಬೆಂಚಿಗುಡ್ಡದ್ದು ನನಗೂ ಗೊತ್ತೈತಿ ಬಿಡ," ಎಂದಳು. "ಆತು. ಹೋದ್ರ ಹೋಗ್ತೀನಿ, ಕರ್ಪೂರ ಮಾತ್ರ ಹಚ್ಚೂದಿಲ್ಲ. ಹಾಲು, ಹೂವು ಅಷ್ಟ. ಮಾತು ಕೊಟ್ಟೆ."

"ಖರೇನ?"

"ಎಷ್ಟ ಸಲ ಕೇಳ್ತಿ? ರೊಟ್ಟಿ ಸೀದತು ನೋಡ."

ನಿಜ ಹೇಳಬೇಕೆಂದರೆ ನಾನು ನಂಬಲಿಲ್ಲ. ಎಪ್ಪತ್ತರ ಹತ್ತಿರ ಬಂದ ಕೈ, ಕಲ್ಲು ಕಂಡರೆ ಕರ್ಪೂರ ಹಚ್ಚಿಯೇ ರೂಢಿ. ರೊಟ್ಟಿ ಸೀಯದಿರಲಿ ಎಂದು ಕೊಟ್ಟ ಮಾತು ಅದು, ಎಂದುಕೊಂಡು ಎದ್ದುಬಂದೆ.

ಹಾಗಾಗಿ ಜಯತೀರ್ಥರ ಬೆನ್ನು ಬಿದ್ದೆ. ಸೋಮನಗುಡ್ಡದ ಮೇಲೆ ಚೌಕ ಬೀಳದ ಹಾಗೆ ಮಾಡಿ, ಬಿದ್ದರೂ ಸಂದೇಶ ಹೋಗದ ಹಾಗೆ ಮಾಡಿ ಎಂದು ದಿನಾ ಫೋನು. ಸಂದೇಶ ತಡೆಯುವುದು ಕಾನೂನಿನ ಪ್ರಕಾರ ಅಪರಾಧವಂತೆ. ಚೌಕ ಅಳಿಸಲು ಬರುವುದಿಲ್ಲವಂತೆ, ಅದು ತಾನಾಗಿ ಹೋಗಬೇಕಾದರೆ ಎರಡೇ ದಾರಿ: ಒಂದೋ ಮಳೆ ಬೀಳಬೇಕು, ಇಲ್ಲವೇ ಆ ಜಾಗ ಈಗಾಗಲೇ ಸುಟ್ಟಿರಬೇಕು. ಸುಟ್ಟ ನೆಲ ಮತ್ತೆ ಸುಡುವುದಿಲ್ಲವಾದ್ದರಿಂದ ಮುನ್ನುರಿ ಅದನ್ನು ಬೂದು ಬಣ್ಣಕ್ಕೆ ತಿರುಗಿಸಿ ಆ ವರ್ಷಕ್ಕೆ ಮರೆತುಬಿಡುತ್ತದೆ.

"ಅಲ್ರೀ ಸರ್, ಬೆಂಕಿ ಹಚ್ಚಿಕೊಂಡ ಬರ್ಲೇನು ಹಂಗಾದ್ರ?" ಎಂದು ರೇಗಿದೆ.

ಆ ಕಡೆಯಿಂದ ಜಯತೀರ್ಥರು ಗಂಟಲು ಸರಿಮಾಡಿಕೊಂಡರು. "ಒಂದು ಕೆಲಸಾ ಮಾಡಬಹುದು. ನಿಮ್ಮ ವಾದಾ ಖರೇನೋ ಸುಳ್ಳೋ ಪರೀಕ್ಷಾ ಮಾಡಿದ್ಹಂಗೂ ಆಗ್ತದ. ಸೋಮನಗುಡ್ಡ ಸುಟ್ಟದ ಅಂತ ನಾನ ಗುರುತು ಹಾಕ್ತೀನಿ. ಪ್ರಯೋಗ ಅಂತ ಆದೇಶಾನೂ ಮಾಡಿಸ್ತೀನಿ. ಚೌಕ ಬೀಳೂದಿಲ್ಲ. ಜನಾ ಹೋಗೂದಿಲ್ಲ. ಬೆಂಕಿ ಬರಲಿಲ್ಲಾ ಅಂದ್ರ ನೀವು ಗೆದ್ರಿ."

ಅವರು ಆದೇಶ ಮಾಡಿಸಿದರು, ಗುರುತು ಹಾಕಿದರು. ಮರುದಿನ ಬೆಳಿಗ್ಗೆ ಕೊಠಡಿಗೆ ಬಂದಾಗ ಪರದೆಯ ಮೇಲೆ ಸೋಮನಗುಡ್ಡ ಬೂದು ಬಣ್ಣದಲ್ಲಿ ತಣ್ಣಗೆ ಮಲಗಿತ್ತು. ನನಗೆ ಅಷ್ಟು ಸಂತೋಷವಾಗಿ ಎಷ್ಟೋ ತಿಂಗಳಾಗಿತ್ತು. ಚಹಾ ತರಿಸಿಕೊಂಡೆ. ಅದು ಆರುವ ಮೊದಲೇ ಪಕ್ಕದ ಮನೆಯ ಪಾರವ್ವನ ಫೋನು ಬಂತು.

"ಕಸ್ತೂರೀ, ಗುಡ್ಡ ಸುಟ್ಟತಂತಲ್ಲ! ಎಲ್ಲಾರ ಫೋನಿಗೂ ಬಂದೈತಿ. ಇಲ್ಲಿಂದ ನೋಡಿದ್ರ ಹೊಗಿ ಕಾಣಂಗಿಲ್ಲ, ಹಿಂದಿನ ಮಗ್ಗಲ ಸುಟ್ಟಿರಬೇಕ ಅಂತಾರ. ನಿಮ್ಮತ್ತಿ ಹೆಂಗಸರನೆಲ್ಲ ಕರಕೊಂಡ ಹೋದ್ಲು."

"ಎಲ್ಲಿಗೆ?"

"ತಂಪ ಮಾಡಾಕ."

ಗುಡ್ಡ ಸುಟ್ಟರೆ ಅದನ್ನು ತಂಪು ಮಾಡಬೇಕಂತೆ. ಗುಡ್ಡದವ್ವನ ಕಲ್ಲಿಗೆ ಹಾಲೆರೆದು, ಮೊಸರನ್ನದ ಎಡೆ ಹಿಡಿದು, ಕರ್ಪೂರ ಬೆಳಗಿ ಬರಬೇಕಂತೆ. ನಾನು ಈ ಊರಿಗೆ ಬಂದ ಮೇಲೆ ಸೋಮನಗುಡ್ಡ ಒಮ್ಮೆಯೂ ಸುಟ್ಟಿರಲಿಲ್ಲ, ಹೀಗೊಂದು ಪದ್ಧತಿ ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಬೂದು ಬಣ್ಣ ಬಿದ್ದರೂ ಮುನ್ನುರಿ ಸಂದೇಶ ಕಳಿಸುತ್ತದೆ ಎಂದು ಜಯತೀರ್ಥರಿಗೂ ಹೊಳೆದಿರಲಿಲ್ಲ. ತಲೆ ಚಚ್ಚಿಕೊಳ್ಳುವಂತಾಯಿತು.

"ನಮ್ಮತ್ತೀಗೆ ಫೋನ್ ಕೊಡ್ರಿ, ಯಾರರೆ ಓಡಿಹೋಗಿ ಕೊಡ್ರಿ."

"ಅಕಿ ಫೋನು ದೇವರ ಜಗಲಿ ಮ್ಯಾಲ ಇಟ್ಟ ಹೋಗ್ಯಾಳ. ಹೋಗೂವಾಗ ಅಂಗಡ್ಯಾಗ ಕರ್ಪೂರ ತಗೊಂಡ್ಲು, ನಾನ ನೋಡೀನಿ."

ಮಾತು ಕೊಟ್ಟಳಂತೆ, ಮಾತು! ಕೆಳಗಿಳಿದು ಓಡಿ, ಕಚೇರಿಯ ಜೀಪು ಹತ್ತಿ, ಚಾಲಕ ಮಾಬುಸಾಬರಿಗೆ ಗುಡ್ಡದ ಕಡೆ ಬಿಡಿ ಎಂದೆ. ದಾರಿಯುದ್ದಕ್ಕೂ ಇನ್ನೂ ಜೋರಾಗಿ, ಇನ್ನೂ ಜೋರಾಗಿ ಎನ್ನುತ್ತಲೇ ಇದ್ದೆ. ಗಾಳಿಯಂತ್ರಗಳಿಗೆಂದು ಗುಡ್ಡದ ಮೇಲೆ ಮಾಡಿದ ಮಣ್ಣಿನ ರಸ್ತೆ ಹತ್ತುವಾಗ ಇಂಜಿನ್ನು ಏದುಸಿರು ಬಿಡುತ್ತಿತ್ತು. ಎರಡೂ ಬದಿಗೆ ಹಳದಿ ಹುಲ್ಲು ಜೀಪಿನ ಬಾಗಿಲಿನ ಎತ್ತರ ನಿಂತಿತ್ತು.

"ಮೇಡಂ, ಮುಂದ ರಸ್ತಾ ಇಲ್ರೀ. ಇಲ್ಲೇ ನಿಲ್ಲಸ್ಲೇನ್ರಿ?" ಎಂದರು ಮಾಬುಸಾಬರು. "ಸ್ವಲ್ಪ ಹಿಂದ ಬಯಲ ಐತ್ರಿ..."

"ಎಲ್ಲ್ಯಾರ ನಿಲ್ಲಸ್ರಿ, ಹೊತ್ತಿಲ್ಲ!" ಎಂದು ಕೂಗಿ ನಾನು ಆಗಲೇ ಜಿಗಿದಿದ್ದೆ.

ಕಲ್ಲಿನ ಹತ್ತಿರ ಹೆಂಗಸರೆಲ್ಲ ನಗುತ್ತ ನಿಂತಿದ್ದರು. ಕಲ್ಲು ಹಾಲಿನಲ್ಲಿ ತೊಯ್ದಿತ್ತು, ಪಕ್ಕದಲ್ಲಿ ಹಾಸಿದ ಕಂಬಳಿಯ ಮೇಲೆ ಮೊಸರಿನ ಗಡಿಗೆ, ಬಾಳೆಲೆಯಲ್ಲಿ ಮೊಸರನ್ನ ಇತ್ತು. ದ್ಯಾಮವ್ವನ ಮುಖ ಅರಳಿತ್ತು.

"ಬಾ ಬಾ, ನೋಡ ಬಾ! ಒಂದ ಕಡ್ಡಿ ಸುಟ್ಟಿಲ್ಲ. ನಿನ್ನ ಮಷೀನು ಸುಳ್ಳ ಹೇಳ್ತು. ತಾಯಿ ಉಳದಾಳ!"

ನಾನು ಏದುಸಿರು ಬಿಡುತ್ತಲೇ ಅವಳ ಮೇಲೆ ಹರಿಹಾಯ್ದೆ. "ಕರ್ಪೂರ ಎಲ್ಲೈತಿ? ಹಚ್ಚಿದ್ರಿ ಹೌದಲ್ಲ? ಮಾತ ಕೊಟ್ಟಿದ್ರಲ್ಲ ನನಗ! ನಿಮಗ ಎಷ್ಟ ಹೇಳಿದ್ರೂ ಅಷ್ಟ. ನೀವ್ಯಾರೂ ತಿಳಕೊಳ್ಳೂದ ಇಲ್ಲ!"

ಹೆಂಗಸರ ನಗು ನಿಂತಿತು. ಅಷ್ಟು ಜನರೆದುರು ಸೊಸೆಯಿಂದ ಬೈಸಿಕೊಂಡ ದ್ಯಾಮವ್ವನ ಮುಖ ಸಣ್ಣದಾಯಿತು. ಏನೋ ಹೇಳಲು ಬಾಯಿ ತೆರೆದವಳು ಹಾಗೇ ನನ್ನ ಹಿಂದಕ್ಕೆ ನೋಡಿದಳು.

"ಹೊಗಿ," ಎಂದಳು.

ನಾನು ತಿರುಗಿ ನೋಡಿದೆ. ಹೊಗೆ ಏಳುತ್ತಿದ್ದದ್ದು ಕಲ್ಲಿನ ಕಡೆಯಿಂದಲ್ಲ, ಕೆಳಗಿನಿಂದ, ಜೀಪು ನಿಂತಲ್ಲಿಂದ. ಮಾಬುಸಾಬರು ಕೈ ಬೀಸಿ ಕೂಗುತ್ತ ಮೇಲಕ್ಕೆ ಓಡಿ ಬರುತ್ತಿದ್ದರು. ಗುಡ್ಡ ಹತ್ತಿ ಕಾದ ಸೈಲೆನ್ಸರಿಗೆ ಒಣಹುಲ್ಲು ಒತ್ತಿಕೊಂಡಿತ್ತು. ಆಸ್ಟ್ರೇಲಿಯಾದ ಆ ಗಾಡಿಯ ಕತೆಯನ್ನು ಇಡೀ ಕಚೇರಿಗೆ ಬಾಯಿಪಾಠವಾಗುವ ಹಾಗೆ ಹೇಳಿದವಳು ನಾನೇ.

ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತಿತ್ತು. ಕಲ್ಲಿನ ಹಿಂದೆ ದೊಡ್ಡದೊಂದು ಹಾಸುಬಂಡೆ ಇದೆ, ಅದರ ಮೇಲೆ ಹುಲ್ಲಿಲ್ಲ. ದ್ಯಾಮವ್ವ ಮಾಬುಸಾಬರನ್ನೂ ಸೇರಿಸಿ ಎಲ್ಲರನ್ನೂ ಅತ್ತ ತಳ್ಳುತ್ತ ಕೂಗತೊಡಗಿದಳು. ನಾನು ಅಗ್ನಿಶಾಮಕ ಠಾಣೆಗೆ ಫೋನು ಮಾಡಿದೆ.

"ಸೋಮನಗುಡ್ಡಾನ?" ಎಂದಿತು ಆ ಕಡೆಯ ದನಿ. "ಮೇಡಂ, ಅದು ಈಗಾಗಲೇ ಸುಟ್ಟ ಜಾಗ ಅಂತ ತೋರಸಾಕತ್ತೈತಿ. ಗಾಡಿ ಹಾಕಿದ್ರೂ ಸಿಸ್ಟಮ್ ತಗೊಳ್ಳವಲ್ದು. ನಿಮ್ಮ ಆಫೀಸಿನಿಂದ ಒಂದು ದೃಢೀಕರಣ ಬೇಕ್ರಿ."

"ನಾನ ಆ ಆಫೀಸು!"

"ಹೌದ್ರಿ ಮೇಡಂ, ಆದ್ರ ಕಂಪ್ಯೂಟರಿನ್ಯಾಗ ಬರಬೇಕ್ರಿ."

ಆ ಫೋನನ್ನು ಬಂಡೆಗೆ ಅಪ್ಪಳಿಸಿಬಿಡುವಷ್ಟು ಸಿಟ್ಟು ಬಂತು. ಜೀಪಿನಲ್ಲಿ ವೈರ್‌ಲೆಸ್ ಇತ್ತು, ಬೆಂಕಿ ಬಡಿಯುವ ರಬ್ಬರಿನ ಕೋಲುಗಳೂ ಇದ್ದವು. ಅಲ್ಲಿಗೆ ತಲುಪಿದರೆ ಎಲ್ಲ ಸರಿಯಾಗುತ್ತದೆಂಬ ಹುಚ್ಚಿನಲ್ಲಿ ಬಂಡೆಯ ಕಡೆ ಹೋಗುವುದನ್ನು ಬಿಟ್ಟು ಕೆಳಕ್ಕೆ ಓಡಿದೆ. ಹೊಗೆಯಲ್ಲಿ ದಿಕ್ಕು ತಪ್ಪಿತು. ಕೆಮ್ಮುತ್ತ ನಿಂತೆ, ಮುಂದೆ ಹೆಜ್ಜೆ ಇಡಲು ತಿಳಿಯಲಿಲ್ಲ. ಯಾರೋ ನನ್ನ ಜಡೆ ಹಿಡಿದು ಎಳೆದರು, ಮೊಸರಿನ ವಾಸನೆಯ ಒದ್ದೆ ಕಂಬಳಿ ತಲೆಯ ಮೇಲೆ ಬಿತ್ತು, ಎಳೆದಲ್ಲಿಗೆ ಹೋದೆ. ಬಂಡೆಯ ಮೇಲೆ ಬಿದ್ದ ಮೇಲೆ ಕಂಬಳಿ ಸರಿಸಿದರೆ ಎದುರಿಗೆ ದ್ಯಾಮವ್ವ. ನನ್ನ ಕಾಲಲ್ಲಿ ಬೂಟುಗಳಿದ್ದವು. ಗುಡ್ಡದವ್ವನ ಹತ್ತಿರ ಬರುವಾಗ ಅವಳು ಚಪ್ಪಲಿ ಕಳಚಿಟ್ಟು ಬಂದಿದ್ದಳು.

ಬೆಂಕಿ ನಮ್ಮ ಎರಡೂ ಬದಿಗೆ ಹಾದು ಮೇಲಕ್ಕೆ ಹೋಯಿತು. ಸಂಜೆಯೊಳಗೆ ಸೋಮನಗುಡ್ಡ ಇಡಿಯಾಗಿ ಕರ್ರಗಾಯಿತು. ಅಗ್ನಿಶಾಮಕದ ಗಾಡಿ ಬಂದಾಗ ಅದಕ್ಕೆ ಮಾಡಲು ಕೆಲಸ ಉಳಿದಿರಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ದ್ಯಾಮವ್ವನ ಎರಡೂ ಪಾದಗಳಿಗೆ ದಪ್ಪ ಪಟ್ಟಿ ಸುತ್ತಿದ್ದರು. ನಡೆಯುತ್ತಾಳೆ, ಆದರೆ ಗುಡ್ಡ ಹತ್ತುವುದು ಇನ್ನು ಆಗಲಿಕ್ಕಿಲ್ಲ ಎಂದರು ವೈದ್ಯರು. ವಾರ್ಡಿನ ಹೊರಗೆ ನಿಂತಿದ್ದಾಗ ಜಯತೀರ್ಥರ ಫೋನು ಬಂತು. ನಿಮ್ಮ ಅತ್ತೆ ಹೇಗಿದ್ದಾರೆ ಎಂದು ಕೇಳಿದರು, ಕೆಲಸಕ್ಕೆ ಅವಸರ ಮಾಡಬೇಡಿ ಎಂದರು, ಅಷ್ಟರ ಮಟ್ಟಿಗೆ ಮನುಷ್ಯರು. ಕೊನೆಗೆ ತಡವರಿಸುತ್ತ ಹೇಳಿದರು:

"ಹೇಳಬಾರದು, ಆದ್ರೂ ಹೇಳ್ತೀನಿ. ಈ ತಿಂಗಳ ವರದಿಯೊಳಗ ಸೋಮನಗುಡ್ಡ ಸರಿ ಅಂತನ ಬಂದದ. ಸುಟ್ಟದ ಅಂತ ಮುನ್ನುರಿಯೊಳಗ ಇತ್ತು, ಉಪಗ್ರಹ ನೋಡಿದಾಗ ಸುಟ್ಟಿತ್ತು. ಒಂದೂ ತಪ್ಪಿಲ್ಲ."

"ಬೆಂಕಿ ಹತ್ತಿದ ಕಾರಣ ಏನಂತ ಬಂದೈತ್ರಿ?"

"ಹಳ್ಳಿ ಜನಾ, ಪೂಜಾ ಅಂತ. ಅದು ತಾನ ಹಾಕ್ಕೋತದ, ಹಳೇ ದಾಖಲೆ ಮ್ಯಾಲಿಂದ."

"ತಿದ್ದರಿ ಸರ್. ನಮ್ಮ ಜೀಪು ಅಂತ ಬರೀರಿ. ನನ್ನ ಹೆಸರು ಬರೀರಿ."

"ಅಂಥಾ ಆಯ್ಕೆ ಅದರೊಳಗ ಇಲ್ಲ ಕಸ್ತೂರಿಯವರ," ಎಂದರು ಜಯತೀರ್ಥರು. ಈ ಸಲ ಮುಂದಿನ ಆವೃತ್ತಿಯ ಮಾತನ್ನು ಅವರು ಎತ್ತಲಿಲ್ಲ.

ಒಳಗೆ ಹೋಗಿ ಮಂಚದ ಪಕ್ಕ ಕೂತೆ. ದ್ಯಾಮವ್ವ ದಿಂಬಿನ ಕೆಳಗೆ ತಡಕಾಡಿ ತನ್ನ ಎಲೆಯಡಿಕೆಯ ಚೀಲ ತೆಗೆದಳು. ಹೊಗೆ ಹಿಡಿದು ಕಪ್ಪಾಗಿತ್ತು. ಅದರೊಳಗೆ ಕೈಹಾಕಿ ಒಂದು ಚಿಕ್ಕ ಪೊಟ್ಟಣ ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಕರ್ಪೂರದ ಪೊಟ್ಟಣ. ಅಂಗಡಿಯಿಂದ ತಂದಾಗ ಇದ್ದ ಅಂಟು ಹಾಗೇ ಇತ್ತು, ಒಂದು ಮೂಲೆಯೂ ಹರಿದಿರಲಿಲ್ಲ.

"ಸಂಜಿಮುಂದ ಮನಿ ದೇವರ ಜಗಲಿಗೆ ಹಚ್ಚಾಕ ತಗೊಂಡಿದ್ದೆ," ಎಂದಳು. "ಗುಡ್ಡದಾಗ ತಗದಿಲ್ಲ. ನಿನಗ ಮಾತು ಕೊಟ್ಟಿದ್ನಲ್ಲ."